ತುಟ್ಟಿಭತ್ಯೆಗೆ ಇಲ್ಲದ ಸಂಕೋಚ

ವರ್ಷಕ್ಕೆ ಎರಡು ಸಲ, ಜನವರಿಗೊಮ್ಮೆ ಜುಲೈಗೊಮ್ಮೆ, ಸರ್ಕಾರಿ ನೌಕರರ ತುಟ್ಟಿಭತ್ಯೆಯ ಪರಿಷ್ಕರಣೆ ಆಗುತ್ತದೆ. ಆದೇಶ ತಡವಾದರೆ ಹಿಂಬಾಕಿ ಸಮೇತ ಕೈಗೆ ಬರುತ್ತದೆ. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾದಾಗ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಹಳೆಯ ತುಟ್ಟಿಭತ್ಯೆಯ ದೊಡ್ಡ ಪಾಲು ಅದರಲ್ಲೇ ಕರಗಿತ್ತೆನ್ನಿ. ಹೀಗೆ ಖಾತೆಗೆ ಬಿದ್ದ ದುಡ್ಡು ನೋಡಿ 'ಇಷ್ಟೆಲ್ಲ ನನಗೆ ಬೇಕಿತ್ತೇ' ಎಂದು ನಿದ್ದೆಗೆಟ್ಟ ಗುಮಾಸ್ತರನ್ನಾಗಲಿ ತಹಶೀಲ್ದಾರರನ್ನಾಗಲಿ ನಾನು ಕಂಡಿಲ್ಲ. ನಿದ್ದೆಗೆಡಬೇಕಾದ ಕಾರಣವೂ ಇಲ್ಲ. ಆದರೆ ಅದೇ ಬೀದಿಯಲ್ಲಿ ಮನೆಪಾಠ ಹೇಳುವವರು ತಿಂಗಳ ಫೀಸಿಗೆ ನೂರು ರೂಪಾಯಿ ಸೇರಿಸಲು ಒಂದಿಡೀ ವರ್ಷ ಹಿಂದೆಮುಂದೆ ನೋಡುತ್ತಾರೆ. ರವಿಕೆ ಹೊಲಿಯುವವರು ಮಜೂರಿ ಏರಿಸಿದ ದಿನ ಹಳೆಯ ಗಿರಾಕಿಯ ಮುಖ ನೋಡದೆ ಅಳತೆ ಬರೆದುಕೊಳ್ಳುತ್ತಾರೆ. ಅನುವಾದ ಮಾಡಿ, ಕರಡು ತಿದ್ದಿ, ಬೇರೆಯವರ ಬರಹ ನೇರ್ಪಡಿಸಿ ಬದುಕುವ ನನ್ನಂಥವರ ಕಸುಬಿನಲ್ಲಂತೂ ದುಡ್ಡಿನ ಮಾತು ಬಂದ ಕೂಡಲೇ ಎರಡೂ ಕಡೆಯವರಿಗೆ ಕೆಮ್ಮು ಬರುತ್ತದೆ. ಈ ಅಳುಕನ್ನು ಒಳ್ಳೆಯ ಸಂಸ್ಕಾರದ ಗುರುತು ಎನ್ನುವವರಿದ್ದಾರೆ. ಈ ಕಸುಬಿನಲ್ಲಿದ್ದು ನಾನು ಕಲಿತದ್ದು ಬೇರೆ. ಹೆಚ್ಚು ದುಡ್ಡು ಬೇಕೆನ್ನುವಾಗ ಕಾಡುವ ಪಾಪಪ್ರಜ್ಞೆಗೂ ದುಡ್ಡಿಗೂ ನಂಟು ಕಡಿಮೆ. ಅದು ಹುಟ್ಟುವುದು ಎದುರಿಗೆ ಕೂತು, ಮುಖ ನೋಡಿ, ಬಾಯಿಬಿಟ್ಟು ಕೇಳಬೇಕಾದ ಸ್ಥಿತಿಯಿಂದ. ಹಾಗಾಗಿ ಅದನ್ನು ಕಳೆದುಕೊಳ್ಳಲು ಮನಸ್ಸು ಗಟ್ಟಿಮಾಡಿಕೊಂಡರೆ ಸಾಲದು, ಕೇಳುವ ಏರ್ಪಾಡನ್ನೇ ಬದಲಿಸಬೇಕು.

ಯಾವುದಾದರೂ ಊರಿನ ಪುಸ್ತಕ ಬಿಡುಗಡೆಯ ಖರ್ಚಿನ ಚೀಟಿ ನೋಡಿದರೆ ಇದು ತಿಳಿಯುತ್ತದೆ. ಶಾಮಿಯಾನ, ಕುರ್ಚಿ, ಮೈಕ್ ಸೆಟ್, ಬ್ಯಾನರ್, ಉಪ್ಪಿಟ್ಟು, ಕೇಸರಿಬಾತ್, ಫೋಟೊ, ವಿಡಿಯೊ: ಒಂದೊಂದರ ಎದುರಿಗೂ ಒಂದು ಮೊತ್ತ ಇರುತ್ತದೆ. ಮೈಕಿನವನು ಮುಂಗಡ ಎಣಿಸಿಕೊಂಡೇ ಪೆಟ್ಟಿಗೆ ಇಳಿಸಿರುತ್ತಾನೆ, ಮಿಕ್ಕಿದ್ದನ್ನು ವೈರು ಸುತ್ತುವ ಮೊದಲು ವಸೂಲು ಮಾಡುತ್ತಾನೆ. ವಾರಗಟ್ಟಲೆ ಕೂತು ಆ ಪುಸ್ತಕ ಓದಿ, ಟಿಪ್ಪಣಿ ಮಾಡಿಕೊಂಡು, ಬಸ್ಸು ಹತ್ತಿ ಬಂದು ಮುಕ್ಕಾಲು ಗಂಟೆ ಮಾತಾಡಿದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಇಡಲು ಜಾಗವಿಲ್ಲದಷ್ಟು ದೊಡ್ಡದೊಂದು ನೆನಪಿನ ಕಾಣಿಕೆ. ಅದೃಷ್ಟವಿದ್ದರೆ ಮೆಟ್ಟಿಲಿಳಿಯುವಾಗ ಯಾರೋ ಒಂದು ಕವರನ್ನು ಅಂಗೈಗೆ ಒತ್ತಿ 'ಏನೂ ಅಂದ್ಕೋಬೇಡಿ' ಎನ್ನುತ್ತಾರೆ. ಅಲ್ಲೇ ಬಿಚ್ಚಿ ನೋಡಿದರೆ ಮರ್ಯಾದೆಯಲ್ಲ. (ಕೂಡಿಬಿದ್ದ ಶಾಲುಗಳನ್ನು ಏನು ಮಾಡಬೇಕು ಎಂಬುದು ಕನ್ನಡ ಸಾಹಿತ್ಯಲೋಕದಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆಗಳಲ್ಲೊಂದು.) ಮೈಕಿನವನನ್ನು ಯಾರೂ ದುರಾಸೆಯವನು ಎನ್ನುವುದಿಲ್ಲ. ಭಾಷಣಕಾರರು ಮೊದಲೇ 'ಇಷ್ಟಾಗುತ್ತದೆ' ಎಂದರೆ ಮಾತ್ರ ಅದು ತಿಂಗಳುಗಟ್ಟಲೆ ಊರಲ್ಲಿ ಸುದ್ದಿ. ಇಬ್ಬರೂ ದುಡಿದು ತಿನ್ನುವವರೇ. ಒಬ್ಬನಿಗೆ ದರವಿದೆ, ಇನ್ನೊಬ್ಬರಿಗೆ ಗೌರವವಿದೆ. ಗೌರವ ಪಡೆದವರು ದರ ಹೇಳಬಾರದು ಎಂಬುದು ಯಾರೂ ಬರೆಯದ ಒಪ್ಪಂದ. ಇದರಿಂದ ಉಳಿದ ದುಡ್ಡು ಮಾಯವಾಗುವುದಿಲ್ಲ, ಒಪ್ಪಂದದ ಇನ್ನೊಂದು ತುದಿಯವರ ಜೇಬಿನಲ್ಲಿರುತ್ತದೆ.

ವೇದಿಕೆಯ ಮೇಲೆ ಇದು ನಗೆಯ ವಿಷಯ. ಆದರೆ ಇದೇ ಒಪ್ಪಂದ ಲಕ್ಷಾಂತರ ಹೆಂಗಸರ ದುಡಿಮೆಯನ್ನು ದಶಕಗಳಿಂದ ಅಗ್ಗವಾಗಿ ಇಟ್ಟಿದೆ. 1975ರಲ್ಲಿ ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದ ಅಂಗನವಾಡಿ ಯೋಜನೆಗೆ ನಮ್ಮಲ್ಲಿ ಆರಿಸಿಕೊಂಡದ್ದು ತಿ. ನರಸೀಪುರವನ್ನು. ಅಂದಿನಿಂದ ಮಕ್ಕಳ ಊಟ, ತೂಕ, ಗರ್ಭಿಣಿ ಬಾಣಂತಿಯರ ಲೆಕ್ಕ, ಮೇಲಿನಿಂದ ಬಂದ ಸಮೀಕ್ಷೆಗಳು ಎಲ್ಲವೂ ಅಂಗನವಾಡಿ ಕಾರ್ಯಕರ್ತೆಯರ ತಲೆಯ ಮೇಲೆ. 2006ರಲ್ಲಿ ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಈ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಅವರಿಗೂ ಗ್ರ್ಯಾಚುಟಿ ಸಲ್ಲಬೇಕು ಎಂದು ಅದೇ ಕೋರ್ಟ್ ಗುಜರಾತಿನ ಮೊಕದ್ದಮೆಯೊಂದರಲ್ಲಿ ಹೇಳುವ ಹೊತ್ತಿಗೆ 2022 ಬಂದಿತ್ತು, ಯೋಜನೆಗೆ 47 ವರ್ಷವಾಗಿತ್ತು. 2005ರಲ್ಲಿ ಬಂದ ಆಶಾ ಕಾರ್ಯಕರ್ತೆಯರ ಪಾಡೂ ಅಷ್ಟೆ. ಕಾಗದದ ಮೇಲೆ ಅವರು ಸ್ವಯಂಸೇವಕಿಯರು. ರಾತ್ರಿ ಎರಡು ಗಂಟೆಗೆ ಹೆರಿಗೆ ನೋವಿನ ಫೋನು ಬಂದರೆ ಎದ್ದು ಹೊರಡಬೇಕಾದವರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಅವರಿಗೆ ಸಿಕ್ಕಿತು. ಅಲ್ಲಿ ಕೂತವರಿಗೆ ಬಂದ ಮಾತುಗಳಲ್ಲಿ 'ಸೇವೆ ಮಾಡೋರಿಗೆ ದುಡ್ಡಿನ ಚಿಂತೆ ಯಾಕೆ' ಎಂಬುದೂ ಇದ್ದರೆ ಆಶ್ಚರ್ಯವಿಲ್ಲ. ಇದು ನಮ್ಮ ದೇಶದ ರೋಗ ಮಾತ್ರ ಎನ್ನುವಂತಿಲ್ಲ. ಅಮೆರಿಕದಲ್ಲಿ ಜೇ ಯುನ್ ಕಿಮ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸದ ಮೇಲೆ ಪ್ರೀತಿ ಇರುವವರಿಂದ ಸಂಬಳವಿಲ್ಲದ ಹೆಚ್ಚಿನ ದುಡಿಮೆ ಮಾಡಿಸಿಕೊಳ್ಳುವುದು ಅಷ್ಟೇನೂ ತಪ್ಪಲ್ಲ ಎಂದು ಜನರಿಗೆ ಅನ್ನಿಸುತ್ತದೆ. ಕೆಲಸವನ್ನು ಪ್ರೀತಿಸುವವರಿಗೆ ಕೊಡುವ ದಂಡ ಇದು. ಆ ದಂಡವನ್ನು ನಮ್ಮ ಕೈಯಿಂದಲೇ ವಸೂಲು ಮಾಡಿಸುವ ಅಮಲ್ದಾರನೇ ಈ ಪಾಪಪ್ರಜ್ಞೆ.

ಇನ್ನು 'ಹೆಚ್ಚು' ಎಂಬುದರ ಲೆಕ್ಕ. ರಿಸರ್ವ್ ಬ್ಯಾಂಕ್ ಹಣದುಬ್ಬರಕ್ಕೆ ಇಟ್ಟುಕೊಂಡ ಗುರಿ ಶೇ 4, ಅದರ ಆಚೀಚೆ ಶೇ 2ರ ಅವಕಾಶ. ಗುರಿ ತಪ್ಪದೆ ಶೇ 4ರಲ್ಲೇ ನಿಂತರೂ ಹದಿನೆಂಟು ವರ್ಷಕ್ಕೆ ಬೆಲೆಗಳು ಎರಡು ಪಟ್ಟಾಗುತ್ತವೆ, ಶೇ 6ಕ್ಕೆ ಹೋದರೆ ಹನ್ನೆರಡೇ ವರ್ಷಕ್ಕೆ. ಅಂದರೆ ಹನ್ನೆರಡು ವರ್ಷದಿಂದ ಒಂದೇ ದರಕ್ಕೆ ಅನುವಾದ ಮಾಡುತ್ತಿರುವವರು ಈಗ ಹೆಚ್ಚುಕಡಿಮೆ ಅರ್ಧ ದರಕ್ಕೆ ಮಾಡುತ್ತಿದ್ದಾರೆ, ಆದರೂ ಏರಿಸುವ ಮಾತೆತ್ತಿದರೆ ಆಸೆಬುರುಕರ ಪಟ್ಟಿಗೆ ಸೇರುತ್ತಾರೆ. ತುಟ್ಟಿಭತ್ಯೆ ಎಂಬ ಏರ್ಪಾಡು ಹುಟ್ಟಿದ್ದೇ ಈ ಸವಕಳಿಯನ್ನು ತುಂಬಿಕೊಡಲು. ಅದಿಲ್ಲದವರು ತಮ್ಮ ತುಟ್ಟಿಭತ್ಯೆಯನ್ನು ತಾವೇ ಕೇಳಿಕೊಳ್ಳಬೇಕು, ಅಷ್ಟೆ. ಇಷ್ಟನ್ನು ಯಾರಾದರೂ ಒಪ್ಪುತ್ತಾರೆ. ನಾನು ಇಲ್ಲಿಗೇ ನಿಲ್ಲಿಸಿದರೆ ಸುಲಭದ ವಾದ ಮಾಡಿ ಜಾರಿಕೊಂಡಂತೆ, ಯಾಕೆಂದರೆ ನಮ್ಮನ್ನು ನಿಜವಾಗಿ ಚುಚ್ಚುವುದು ಸವಕಳಿ ತುಂಬಿಕೊಳ್ಳುವ ಆಸೆಯಲ್ಲ, ಅದಕ್ಕಿಂತ ಮೇಲಿನದು. ಇನ್ನೊಂದು ಕೋಣೆ ಇರುವ ಮನೆ, ಮಗಳಿಗೆ ಅವಳು ಕೇಳಿದ ಕಾಲೇಜು, ಅಪ್ಪ ಅಮ್ಮನಿಗೆ ಆಸ್ಪತ್ರೆ ಎಂದರೆ ಸಾಲ ಎನ್ನದಷ್ಟು ಕೂಡಿಟ್ಟದ್ದು, ಮತ್ತು, ಯಾಕೆ ಮುಚ್ಚಿಡಬೇಕು, ವರ್ಷಕ್ಕೊಮ್ಮೆ ಲೆಕ್ಕವಿಡದ ಒಂದು ಪ್ರವಾಸ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಬೆಳೆದ ಮನೆಗಳಲ್ಲಿ ಉದ್ದದ ಹಾಸಿಗೆ ಕೊಳ್ಳುವ ಮಾತು ಬರುವುದೇ ಇಲ್ಲ.

ದುಡ್ಡಿನಿಂದ ನೆಮ್ಮದಿ ಬರುವುದಿಲ್ಲ ಎಂಬ ಆಕ್ಷೇಪ ಇಲ್ಲಿ ಮೊದಲು ಬರುತ್ತದೆ, ಅದಕ್ಕೆ ಬಹಳ ಕಾಲ ಒಂದು ಸಂಶೋಧನೆಯ ಬೆಂಬಲವೂ ಇತ್ತು. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಅಮೆರಿಕದ ಮಾಹಿತಿ ಹಿಡಿದು, ದಿನನಿತ್ಯದ ನೆಮ್ಮದಿ ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದವರೆಗೆ ಏರಿ ಆಮೇಲೆ ನಿಂತುಬಿಡುತ್ತದೆ ಎಂದರು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್, ಎಲ್ಲೂ ನಿಲ್ಲುವುದಿಲ್ಲ, ಏರುತ್ತಲೇ ಹೋಗುತ್ತದೆ ಎಂದರು. ಆಮೇಲಿನದು ವಿದ್ವಾಂಸರ ಜಗಳಗಳಲ್ಲಿ ಅಪರೂಪ: ಕಾನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಇಬ್ಬರೂ ಬಾರ್ಬರಾ ಮೆಲ್ಲರ್ಸ್ ಅವರನ್ನು ನಡುವೆ ಕೂರಿಸಿಕೊಂಡು ಒಟ್ಟಿಗೆ ಲೆಕ್ಕ ನೋಡಿ 2023ರಲ್ಲಿ ಪ್ರಕಟಿಸಿದರು. ಬಹುಪಾಲು ಜನರಲ್ಲಿ ನೆಮ್ಮದಿ ಆದಾಯದೊಂದಿಗೆ ಏರುತ್ತಲೇ ಇರುತ್ತದೆ. ನಿಂತುಬಿಡುವುದು ಮೊದಲೇ ಬಹಳ ನೊಂದಿರುವ ಒಂದು ಸಣ್ಣ ಗುಂಪಿನಲ್ಲಿ ಎಂಬುದು ಅವರು ತಲುಪಿದ ತೀರ್ಮಾನ. ದುಡ್ಡು ಎಲ್ಲ ದುಃಖಕ್ಕೂ ಮದ್ದಲ್ಲ ಎಂಬ ಮಾತು ಹೀಗೆ ಉಳಿಯಿತು, ಒಂದು ಮಟ್ಟದ ಮೇಲೆ ಅದು ದಂಡ ಎಂಬ ಮಾತು ಉಳಿಯಲಿಲ್ಲ. ನಮಗೆ ಹತ್ತಿರದ ಸಾಕ್ಷ್ಯ ಇನ್ನೂ ಗಟ್ಟಿ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಕೈ ಖಾಲಿ ಇದ್ದಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿಶಕ್ತಿಯ ಪರೀಕ್ಷೆಗೆ ಕೂರಿಸಿದ ಅಧ್ಯಯನ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದೇ ರೈತ, ಅದೇ ತಲೆ; ದುಡ್ಡು ಬಂದ ಮೇಲೆ ಉತ್ತರಗಳು ಉತ್ತಮವಾಗಿದ್ದವು. ಅಂಗಡಿ ಬಾಕಿ, ಬಡ್ಡಿಯ ಗಡುವು, ಮಕ್ಕಳ ಫೀಸು ತಲೆಯಲ್ಲಿ ಜಾಗ ಹಿಡಿದು ಕೂತಿರುವಾಗ ಬೇರೆ ಯೋಚನೆಗೆ ಉಳಿಯುವ ಜಾಗ ಕಡಿಮೆ. ಹಾಗಿರುವಾಗ ಹೆಚ್ಚು ದುಡ್ಡು ಬೇಕೆನ್ನುವುದನ್ನು ಹೆಚ್ಚು ವಸ್ತು ಬೇಕೆನ್ನುವುದಕ್ಕೆ ಇಳಿಸಬಾರದು. ಬಹಳ ಮಂದಿಗೆ ಬೇಕಾಗಿರುವುದು ಆ ಖಾಲಿ ಜಾಗ.

ಇದಕ್ಕಿಂತ ಭಾರವಾದ ಆಕ್ಷೇಪ ನಮ್ಮ ಪರಂಪರೆಯದು. ಆಯ್ದಕ್ಕಿ ಮಾರಯ್ಯನ ಕತೆ ಗೊತ್ತಿಲ್ಲದವರಿಲ್ಲ: ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಆತನ ಕಾಯಕ, ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಗದರಿಸಿ ಹೆಚ್ಚಾದದ್ದನ್ನು ವಾಪಸು ಕಳಿಸಿದಳು. ಸಂಬಳ ಹೆಚ್ಚಿಸಿ ಎಂದವರ ಎದುರಿಗೆ ಈ ಕತೆಯನ್ನು ಗುರಾಣಿಯಂತೆ ಹಿಡಿಯುವುದನ್ನು ಕೇಳಿದ್ದೇನೆ. ಹಿಡಿಯುವವರು ಒಂದು ವಿವರ ಮರೆಯುತ್ತಾರೆ. ಅಕ್ಕಿ ಹಿಂದಕ್ಕೆ ಕೊಡು ಎಂದದ್ದು ಮಾರಯ್ಯನ ಮನೆಯ ಹೆಣ್ಣುಮಗಳು, ಅಕ್ಕಿಯ ಯಜಮಾನರಲ್ಲ. ಸಾಕು ಎನ್ನುವ ಅಧಿಕಾರ ದುಡಿದವರದು. ಅದು ಕೂಲಿ ಕೊಡುವವರ ಬಾಯಿಗೆ ಬಂದ ಗಳಿಗೆಯಲ್ಲೇ ವೈರಾಗ್ಯ ಹೋಗಿ ಚೌಕಾಸಿಯಾಗುತ್ತದೆ. ಲಕ್ಕಮ್ಮನ ಅಳತೆಗೆ ನಾನು ನಿಲ್ಲುವವಳಲ್ಲ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯೂ ಇಲ್ಲ. ಹಾಗೆ ಬದುಕಬಲ್ಲವರಿಗೆ ಕೈಮುಗಿಯುತ್ತೇನೆ. ಡಿ.ವಿ.ಜಿ.ಯವರ ಮಾತು ಬಂದಾಗಲೂ ನನ್ನ ಉತ್ತರ ಇದೇ ದಿಕ್ಕಿನದು. 1970ರ ಸನ್ಮಾನದಲ್ಲಿ ಬಂದ ಒಂದು ಲಕ್ಷ ರೂಪಾಯಿಯನ್ನು ಅವರು ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು, ಸರ್ಕಾರದಿಂದ ಬಂದ ಚೆಕ್ಕುಗಳನ್ನು ನಗದು ಮಾಡಿಸದೆ ಇಟ್ಟಿದ್ದರು ಎಂದೂ ಹೇಳುತ್ತಾರೆ. ಪತ್ರಕರ್ತರಾಗಿ ಆಳುವವರ ಮುಲಾಜಿಗೆ ಬೀಳಬಾರದು ಎಂಬುದು ಆ ನಿರಾಕರಣೆಯ ಹಿಂದಿನ ಖಚಿತ ಕಾರಣ ಎಂದು ನಾನು ಓದುತ್ತೇನೆ. ಪ್ರಭುತ್ವದ ಕೃಪೆ ಬೇಡ ಎನ್ನುವುದು ಒಂದು, ಪ್ರಕಾಶಕರಿಂದ ಪುಟಕ್ಕಿಷ್ಟು ಎಂದು ಪಡೆಯುವುದು ಇನ್ನೊಂದು. ಮನೆಮನೆಗೆ ಪುಸ್ತಕ ಹೊತ್ತು ಮಾರಿದ ಗಳಗನಾಥರು ಕೂಡ ಇದೇ ಪರಂಪರೆಯವರು. ಅವರನ್ನು ನೆನೆಯುವಾಗ ನಾವು ಹೊರೆಯ ತೂಕ ಹೇಳಿ ಕಣ್ಣೊದ್ದೆ ಮಾಡಿಕೊಳ್ಳುತ್ತೇವೆ. ಅದನ್ನು ಹೊತ್ತದ್ದು ಮಾರಲಿಕ್ಕೆ ಎಂಬುದನ್ನು ನುಂಗಿಬಿಡುತ್ತೇವೆ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಆಕ್ಷೇಪ ಬೇರೊಂದಿದೆ. ದುಡ್ಡು ಬಂದಲ್ಲಿ ಪ್ರೀತಿ ಹೋಗುತ್ತದೆ, ಸೇವೆ ವ್ಯಾಪಾರವಾಗುತ್ತದೆ ಎಂಬುದು. ಇದಕ್ಕೆ ಆಧಾರವಿದೆ. ಇಸ್ರೇಲಿನ ಹೈಫಾದಲ್ಲಿ ಶಿಶುವಿಹಾರಗಳಿಂದ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಸಣ್ಣ ದಂಡ ಹಾಕಿ ನೋಡಿದಾಗ ತಡಮಾಡುವವರು ಹೆಚ್ಚಾದರು; ಮೊದಲು ಟೀಚರ ಮುಖ ನೋಡಲು ಸಂಕೋಚವಿತ್ತು, ಈಗ ದುಡ್ಡು ಬಿಸಾಕಿದರೆ ಆಯಿತು. ಯೂರಿ ನೀಝಿ ಮತ್ತು ಆಲ್ಡೊ ರುಸ್ಟಿಕಿನಿ 2000ದಲ್ಲಿ ಬರೆದ ಈ ಪ್ರಯೋಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ಅದೇ ವರ್ಷ ಅದೇ ಇಬ್ಬರು ಬರೆದ ಇನ್ನೊಂದನ್ನು ಎತ್ತುವವರು ಕಡಿಮೆ. ಒಳ್ಳೆಯ ಕಾರ್ಯಕ್ಕೆ ಮನೆಮನೆ ಸುತ್ತಿ ಚಂದಾ ಎತ್ತುವ ಹುಡುಗರಲ್ಲಿ ಏನೂ ಪಡೆಯದವರೇ ಹೆಚ್ಚು ತಂದರು. ಶೇ 1ರ ಕಮಿಷನ್ ಪಡೆದವರು ಎಲ್ಲರಿಗಿಂತ ಕಡಿಮೆ ತಂದರು, ಶೇ 10 ಪಡೆದವರು ಅವರಿಗಿಂತ ಮೇಲಿದ್ದರು. ಪರೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಬರೆಯಿಸಿದಾಗಲೂ ಪುಡಿಗಾಸು ಪಡೆದವರು ಹಿಂದೆ ಬಿದ್ದರು, ಚೆನ್ನಾಗಿ ಪಡೆದವರು ಏನೂ ಪಡೆಯದವರನ್ನೂ ಮೀರಿಸಿದರು. ಚೆನ್ನಾಗಿ ಕೊಡಿ, ಇಲ್ಲವೇ ಕೊಡಲೇಬೇಡಿ ಎಂಬುದು ಆ ಬರಹದ ಸಾರ. ಅಂಗೈಗೆ ಒತ್ತುವ ಆ ಕವರು, ತಿಂಗಳುಗಟ್ಟಲೆ ತಡವಾಗಿ ಬರುವ ಆ ಗೌರವಧನ ಇವೆಲ್ಲ ಶೇ 1ರ ಜಾತಿಗೆ ಸೇರಿದವು. ಉಚಿತವಾಗಿ ಮಾಡಿದ ಸಂತೋಷವನ್ನೂ ಕೆಡಿಸುತ್ತವೆ, ದುಡಿಮೆಯ ಬೆಲೆಯನ್ನೂ ಕಟ್ಟುವುದಿಲ್ಲ. ಇದರಿಂದ ನಾನು ಕಟ್ಟಿಕೊಂಡ ನಿಯಮ ಸರಳ: ಯಾವುದೇ ಕೆಲಸವಾದರೂ ಪೂರ್ತಿ ದರಕ್ಕೆ ಮಾಡಬೇಕು, ಇಲ್ಲವೇ ಪೂರ್ತಿ ಪುಕ್ಕಟೆ ಮಾಡಬೇಕು. ಹಳ್ಳಿ ಶಾಲೆಯ ವಾರ್ಷಿಕ ಸಂಚಿಕೆ, ಮೊದಲ ಪುಸ್ತಕದ ಹುಡುಗಿಯ ಕರಡು ಎರಡನೆಯದಕ್ಕೆ ಸೇರುತ್ತವೆ, ಅವುಗಳಿಗೆ ಕವರು ಕೂಡ ಬೇಡ. ನಡುವಿನ 'ನೋಡಿ, ಏನಾದ್ರೂ ಕೊಡಿ' ಎಂಬುದನ್ನು ತೆಗೆದುಹಾಕಿದರೆ ಅಳುಕಿನ ಮುಕ್ಕಾಲು ಭಾಗ ಅದರೊಂದಿಗೇ ಹೋಗುತ್ತದೆ.

ಪಾಪಪ್ರಜ್ಞೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎನ್ನುತ್ತಿದ್ದೇನೆ. ಗಂಡಿನ ಕಡೆಯವರನ್ನು ಬಣ್ಣಿಸುವಾಗ 'ಸಂಬಳದ ಜೊತೆ ಮೇಲುಸಂಪಾದನೆಯೂ ಚೆನ್ನಾಗಿದೆ' ಎಂದು ದನಿ ತಗ್ಗಿಸದೆ ಹೇಳುವ ಸಮಾಜ ನಮ್ಮದು. ಕಡತ ಮುಂದೆ ಸರಿಸಲು ಪಡೆಯುವ ಮಾಮೂಲಿಗೆ, ನಿವೇಶನದ ನೋಂದಣಿಯಲ್ಲಿ ಕಾಣಿಸದ ಅರ್ಧ ಮೊತ್ತಕ್ಕೆ ಕೈ ನಡುಗುವುದಿಲ್ಲ. ನಡುಗುವುದು ಪಾಠ ಹೇಳಿದವರ, ಹಾಡಿದವರ, ರೋಗಿಯ ಹಾಸಿಗೆ ಮಗ್ಗುಲಲ್ಲಿ ರಾತ್ರಿ ಕಳೆದವರ ಕೈ.

ಹಾಗಾದರೆ ಕೇಳುವುದು ಹೇಗೆ? ಧೈರ್ಯ ಮಾಡಿ ಕೇಳಿಬಿಡಿ ಎಂಬ ಉಪದೇಶ ಅರ್ಧ ಸತ್ಯ. ಅದರಲ್ಲೂ ಹೆಂಗಸರಿಗೆ ಅದು ಅಪಾಯದ ಉಪದೇಶ: ಹನ್ನಾ ರೈಲಿ ಬೋಲ್ಸ್, ಲಿಂಡಾ ಬಾಬ್‌ಕಾಕ್ ಮತ್ತು ಲೇ ಲಾಯ್ 2007ರಲ್ಲಿ ತೋರಿಸಿದಂತೆ, ಸಂಬಳಕ್ಕೆ ಚೌಕಾಸಿ ಮಾಡಿದ ಹೆಂಗಸಿನ ಬಗ್ಗೆ 'ಇವಳೊಂದಿಗೆ ಕೆಲಸ ಕಷ್ಟ' ಎಂಬ ಅಭಿಪ್ರಾಯ ಹುಟ್ಟುವುದು ಗಂಡಸಿನ ಬಗ್ಗೆ ಹುಟ್ಟುವುದಕ್ಕಿಂತ ಹೆಚ್ಚು. ಅಂದರೆ ಅವಳ ಸಂಕೋಚ ಬರೀ ಭ್ರಮೆಯಲ್ಲ, ಲೋಕ ಕಂಡ ಲೆಕ್ಕಾಚಾರ. ಆದರೆ 2015ರಲ್ಲಿ ಆಂಡ್ರಿಯಾಸ್ ಲೈಬ್ರಾಂಟ್ ಮತ್ತು ಜಾನ್ ಲಿಸ್ಟ್ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಕೆಲಸದ ಜಾಹೀರಾತಿನಲ್ಲೇ 'ಸಂಬಳದ ಬಗ್ಗೆ ಮಾತಾಡಬಹುದು' ಎಂಬ ಒಂದು ಸಾಲು ಸೇರಿಸಿದಾಗ ಕೇಳುವುದರಲ್ಲಿ ಗಂಡು ಹೆಣ್ಣಿನ ಅಂತರ ಮಾಯವಾಯಿತು. ಒಂದು ಸಾಲಿನಿಂದ ಯಾರ ಸ್ವಭಾವವೂ ಬದಲಾಗುವುದಿಲ್ಲ, ಸಂದರ್ಭ ಬದಲಾಯಿತು ಅಷ್ಟೆ. ನನ್ನ ಕಸುಬಿನಲ್ಲಿ ಆ ಒಂದು ಸಾಲಿನ ಕೆಲಸವನ್ನು ಒಂದು ಪುಟದ ದರಪಟ್ಟಿ ಮಾಡುತ್ತದೆ. ಅನುವಾದಕ್ಕೆ ಪದಕ್ಕಿಷ್ಟು, ಕರಡು ತಿದ್ದಲು ಪುಟಕ್ಕಿಷ್ಟು, ವಾರದೊಳಗೆ ಬೇಕಿದ್ದರೆ ಇಷ್ಟು ಸೇರಿಸಿ, ಎರಡು ಸಲ ತಿದ್ದಿದ ಮೇಲೂ ಬದಲಾವಣೆ ಬಂದರೆ ಬೇರೆ ಲೆಕ್ಕ, ಮೂರನೇ ಒಂದು ಭಾಗ ಮುಂಗಡ. ಕೊನೆಯ ಸಾಲು ಬಹಳ ಮುಖ್ಯ: ಈ ದರ ಮುಂದಿನ ಯುಗಾದಿಯವರೆಗೆ ಮಾತ್ರ. ಆ ದಿನಾಂಕ ಬಂದಾಗ ನಾನು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ, ಹೊಸ ಪುಟ ಕಳಿಸಿದರೆ ಮುಗಿಯಿತು. 'ಅಯ್ಯೋ, ನಿಮ್ಮ ಹತ್ತಿರ ಇದೆಲ್ಲ ಮಾತಾಡ್ಬೇಕಾ ಮೇಡಂ' ಎನ್ನುವವರು ಈಗಲೂ ಇದ್ದಾರೆ. ಮಾತಾಡುವುದು ಬೇಡ, ಪುಟ ನೋಡಿ ಎಂದರೆ ಅವರಿಗೂ ನಿರಾಳವೇ. ಕೆಲವರು ಆಮೇಲೆ ಬರುವುದಿಲ್ಲ. ಅದು ನಷ್ಟ, ಅಲ್ಲವೆಂದು ನಟಿಸುವುದಿಲ್ಲ. ಆದರೆ ಹಾಗೆ ಹೋಗುವವರು ಸಾಮಾನ್ಯವಾಗಿ ಹೆಚ್ಚು ಸಲ ತಿದ್ದಿಸಿ ತಡವಾಗಿ ಕೊಡುತ್ತಿದ್ದವರು.

ಈ ವಾದಕ್ಕೆ ಉಳಿದಿರುವ ದೊಡ್ಡ ಪರೀಕ್ಷೆ ನಮ್ಮಂಥವರ ಮನೆಯೊಳಗೇ ಇದೆ. ನನ್ನ ದರ ಏರಿದರೆ ಇನ್ನೊಬ್ಬರ ಖರ್ಚು ಏರುತ್ತದೆ. ನಾನೇ ಆ ಇನ್ನೊಬ್ಬಳಾದಾಗ ಏನು ಮಾಡುತ್ತೇನೆ? ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತು, ಅಪಾರ್ಟ್‌ಮೆಂಟುಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದರ ಮಾತು ಬರುವುದು ಅಪರೂಪ. ಅಲ್ಲಿ ಬರುವುದು 'ನೀವೊಬ್ಬರು ಜಾಸ್ತಿ ಕೊಟ್ರೆ ಎಲ್ಲರ ರೇಟೂ ಹಾಳಾಗುತ್ತೆ' ಎಂಬ ಮಾತು, ಬರೆಯುವವರು ತಮ್ಮ ಕಂಪನಿಯ ಇನ್‌ಕ್ರಿಮೆಂಟ್ ಸಾಲದೆಂದು ಮೇಲಧಿಕಾರಿಗೆ ಈಗಷ್ಟೇ ಮೇಲ್ ಹಾಕಿದವರು. ಪಾತ್ರೆ ತೊಳೆದು ನೆಲ ಒರೆಸುವಾಕೆ 'ಅಕ್ಕಾ, ಈ ತಿಂಗಳಿಂದ ಸ್ವಲ್ಪ ಜಾಸ್ತಿ ಮಾಡಿ' ಎನ್ನಲು ಬಾಗಿಲ ಬಳಿ ಸೆರಗು ತಿರುವುತ್ತ ನಿಲ್ಲುವುದು, ಪ್ರಕಾಶಕರ ಎದುರು ನಮ್ಮಂಥವರು ಪೆನ್ನಿನ ಮುಚ್ಚಳ ತಿರುವುತ್ತ ಕೂರುವುದು ಎರಡೂ ಒಂದೇ. ತನ್ನ ದುಡಿಮೆಗೆ ಬೆಲೆ ಕಟ್ಟಲು ಕಲಿತವರು ಇಲ್ಲಿ ಕಣ್ಣು ತಪ್ಪಿಸಿದರೆ ಮೇಲಿನ ಮಾತೆಲ್ಲ ಬರೀ ಸ್ವಾರ್ಥದ ವಕಾಲತ್ತು. ನನ್ನ ದರಪಟ್ಟಿಯ ಯುಗಾದಿಯೇ ಆಕೆಯ ಸಂಬಳಕ್ಕೂ ದಿನಾಂಕ. ಏರಿಕೆಯ ಪ್ರಮಾಣವೂ ನನ್ನದಕ್ಕಿಂತ ಕಡಿಮೆ ಇರುವಂತಿಲ್ಲ, ಬಾಗಿಲ ಬಳಿ ನಿಲ್ಲಬೇಕಾಗಿಯೂ ಇಲ್ಲ. ಹಬ್ಬದ ಸೀರೆ, ಮಿಕ್ಕ ಸಾರು, ಹಳೆಯ ಮಿಕ್ಸಿ ಇವು ಯಾವುವೂ ಆ ಲೆಕ್ಕಕ್ಕೆ ಸೇರುವುದಿಲ್ಲ.